ಮೊಳೆಗೆ ನೇತುಹಾಕಿದ ದಣಿವು

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬಲು ತೊಡಗಿದಾಗಲೇ ಫೋನು ರಿಂಗಾಯಿತು. ನೀಲಾಂಬಿಕಾಳ ಎರಡೂ ಕೈ ಮಣಿಕಟ್ಟಿನ ತನಕ ಜೋಳದ ಹಿಟ್ಟಿನಲ್ಲಿ ಮುಳುಗಿದ್ದವು. ಮೊಣಕೈಯಿಂದ ಫೋನಿನ ಪರದೆ ಒತ್ತಿ, ಕುತ್ತಿಗೆ ಅತ್ತ ವಾಲಿಸಿದಳು.

"ನೀಲಕ್ಕಾರ, ನಾನ್ರಿ, ಸೈಕಲ್ ತಾಲೀಮು ಕೇಂದ್ರದ ತೌಫೀಕ್. ಭಾಳ ಖುಷಿ ಸುದ್ದಿ ಐತ್ರಿ."

"ಜಲ್ದಿ ಹೇಳ್ರಿ ಮತ್ತ. ರೊಟ್ಟಿ ಹಂಚಿನ ಮ್ಯಾಲೈತಿ."

"ಇವತ್ತೂ ನಿಮ್ದು ಹಸಿರು ಬಂದೇತ್ರಿ. ಸತತ ಅರವತ್ತು ದಿನ! ನಮ್ಮ ಯಾದಿಯೊಳಗ ಇನ್ನೊಬ್ರು ಹಂಗಿಲ್ಲ. ನಾಳೆಯಿಂದ ನಿಮ್ಮ ತಾಲೀಮು ವಾರಕ್ಕ ಹನ್ನೆರಡು ತಾಸು ಇದ್ದದ್ದು ಹದಿನೈದು ತಾಸು ಮಾಡೇವಿ. ದಿನಕ್ಕ ಎರಡೂವರೆ ತಾಸು, ಆರು ದಿನ."

ಅಷ್ಟರಲ್ಲಿ ಸುಟ್ಟ ವಾಸನೆ ನೀಲಾಂಬಿಕಾಳ ಮೂಗಿಗೆ ಬಡಿಯಿತು. ರೊಟ್ಟಿಯ ಒಂದು ಬದಿ ಕಪ್ಪಾಗಿತ್ತು.

"ಇನ್ನೊಂದು ಮಾತ್ರಿ," ಎಂದ ತೌಫೀಕ್. "ನಸುಕಿನ್ಯಾಗ ನಿಮ್ಮ ಬಣ್ಣ ಅರಿಶಿನ ಇರತೈತಿ. ಆರೂವರೆಗೆ ನೋಡಿದ್ರ ಹಸಿರು. ನಡುವ ಏನ್ ಮಾಡ್ತೀರಿ? ಪ್ರಾಣಾಯಾಮ ಏನರ?"

"ಎಲ್ಲೀ ಪ್ರಾಣಾಯಾಮರೀ. ರೊಟ್ಟಿ ಬಡಿತೀನಿ."

"ಬರೇ ರೊಟ್ಟಿ?"

"ಹನ್ನೆರಡು ರೊಟ್ಟಿ," ಎಂದು ನೀಲಾಂಬಿಕಾ ಸುಟ್ಟದ್ದನ್ನು ಪಕ್ಕಕ್ಕಿಟ್ಟಳು. ಅತ್ತ ಕಡೆ ತೌಫೀಕ್ ಅದನ್ನು ಗಂಭೀರವಾಗಿ ಟಿಪ್ಪಣಿ ಮಾಡಿಕೊಳ್ಳುವ ಸದ್ದು ಕೇಳಿಸಿತು.

ಹನ್ನೆರಡೂ ಮುಗಿದ ಮೇಲೆ ಕೈ ತೊಳೆದುಕೊಂಡು ಬಾಗಿಲ ಪಕ್ಕದ ಮೊಳೆಯಿಂದ ತನ್ನ ಮಣಿಕಟ್ಟಿನ ಪಟ್ಟಿಯನ್ನು ತೆಗೆದು ಕಟ್ಟಿಕೊಂಡಳು. ಅದು ಬೆಚ್ಚಗಿತ್ತು. ಒಲೆಯ ಪಕ್ಕದ ಗೋಡೆಯಲ್ಲವೇ, ಕಾದಿರುತ್ತದೆ ಎಂದುಕೊಂಡಳು. ಬಾಗಿಲಲ್ಲಿ ಎಂಟು ವರ್ಷದ ಮುಕ್ತಾ ಒಂದು ಜಡೆ ಹೆಣೆದು, ಇನ್ನೊಂದನ್ನು ಬಿಚ್ಚಿಟ್ಟುಕೊಂಡು ನಿಂತಿದ್ದಳು. ಏನೋ ಕೇಳಲು ಬಾಯಿ ತೆರೆದಳು, ಮುಚ್ಚಿದಳು.

"ಏನವಾ?"

"ಏನಿಲ್ಲ."

ಇತ್ತೀಚೆಗೆ ಮಗಳು ದಿನಾ ಹೀಗೆ ಮಾಡುತ್ತಿದ್ದಳು. ಒತ್ತಾಯ ಮಾಡಿದರೆ ಮಾತು ಇನ್ನೂ ಒಳಗೆ ಹೋಗಿ ಕೂತುಬಿಡುತ್ತದೆ ಎಂದು ನೀಲಾಂಬಿಕಾಳಿಗೆ ಗೊತ್ತಿತ್ತು. ಬಾಚಣಿಗೆ ಎತ್ತಿಕೊಂಡು ಎರಡನೆಯ ಜಡೆ ಹಾಕತೊಡಗಿದಳು.

ವಿಜಯಪುರದಲ್ಲಿ ಈಗ ಎಲ್ಲರ ಮಣಿಕಟ್ಟಿನಲ್ಲೂ ಆ ಪಟ್ಟಿ ಇತ್ತು, ಹನ್ನೆರಡು ತುಂಬದ ಮಕ್ಕಳನ್ನು ಬಿಟ್ಟು. ಅಂಗಡಿಯಲ್ಲಿ ಅದಕ್ಕೆ ಏನೋ ಉದ್ದದ ಹೆಸರಿತ್ತು. ಜನ ದಣಿವಿನ ಪಟ್ಟಿ ಎಂದೇ ಕರೆಯುತ್ತಿದ್ದರು. ಚರ್ಮಕ್ಕೆ ಅಂಟಿಕೊಂಡು ಅದು ಬೆವರಿನ ಉಪ್ಪನ್ನೂ ನೆತ್ತರಿನ ಹರಿವನ್ನೂ ಅಳೆಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಎದೆಬಡಿತಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಅಂತರ ಎಂದು ಲೆಕ್ಕವಿಡುತ್ತಿತ್ತು. ಚೆನ್ನಾಗಿ ವಿಶ್ರಾಂತಿ ಪಡೆದ ಹೃದಯ ಗಡಿಯಾರದ ಹಾಗೆ ಒಂದೇ ಸಮನೆ ಬಡಿಯುವುದಿಲ್ಲ. ಆಟವಾಡುತ್ತಾ ನಡೆಯುವ ಮಗುವಿನಂತೆ ಒಮ್ಮೆ ತಡೆದು ಒಮ್ಮೆ ಓಡಿ ಬಡಿಯುತ್ತದೆ. ದಣಿದದ್ದು ಮಾತ್ರ ತಲೆತಗ್ಗಿಸಿಕೊಂಡು ಒಂದೇ ಹೆಜ್ಜೆ ಹಾಕುತ್ತದೆ. ರಾತ್ರಿಯೆಲ್ಲ ಇದನ್ನು ಅಳೆದ ಪಟ್ಟಿ ನಸುಕಿಗೆ ಒಂದು ಬಣ್ಣ ತೋರಿಸುತ್ತಿತ್ತು, ಆರೂವರೆಗೆ ಮತ್ತೊಮ್ಮೆ ನೋಡಿ ಅದನ್ನು ಗಟ್ಟಿ ಮಾಡುತ್ತಿತ್ತು. ಹಸಿರೆಂದರೆ ಹುರುಪು, ಅರಿಶಿನವೆಂದರೆ ದಣಿವು, ಕೆಂಪೆಂದರೆ ಮಲಗು. ಆರೂವರೆಯ ಬಣ್ಣ ಮರುದಿನದ ತನಕ ಅಳಿಯುತ್ತಿರಲಿಲ್ಲ.

ಇದರಿಂದ ಒಳ್ಳೆಯದಾಗಿರಲಿಲ್ಲ ಎನ್ನುವ ಹಾಗಿಲ್ಲ. ಬಸ್ಸಿನಲ್ಲಿ ಕಂಡಕ್ಟರು, "ಕೆಂಪಿನವ್ರಿಗೆ ಸೀಟ್ ಬಿಡ್ರೀ, ಹಸಿರಿನವ್ರು ಏಳ್ರಿ" ಎಂದು ಕೂಗಿದರೆ ಯಾರೂ ಜಗಳ ತೆಗೆಯುತ್ತಿರಲಿಲ್ಲ. ಮಾಲೀಕರು ಕೆಂಪು ಬಂದವರಿಂದ ಕೆಲಸ ಮಾಡಿಸುವ ಹಾಗಿರಲಿಲ್ಲ. ಆದರೆ ಹಳೆಯದೊಂದು ರೂಢಿ ಯಾರಿಗೂ ಗೊತ್ತಾಗದಂತೆ ಸವೆದುಹೋಗಿತ್ತು. ನೀಲಾಂಬಿಕಾಳ ಬಾಲ್ಯದಲ್ಲಿ ಹೊರಗಿನಿಂದ ಯಾರೇ ಬರಲಿ, ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು ಮುಂದಿಟ್ಟು, ದಣಿದಿರೇನು ಎಂದು ಕೇಳುತ್ತಿದ್ದರು. ಈಗ ಮಣಿಕಟ್ಟಿನತ್ತ ಕಣ್ಣು ಹಾಯಿಸಿದರೆ ಮುಗಿಯಿತು. ಕಣ್ಣಿಗೆ ಕಾಣುವುದನ್ನು ಬಾಯಿಬಿಟ್ಟು ಯಾರು ಕೇಳುತ್ತಾರೆ?

ನೀಲಾಂಬಿಕಾಳ ಮನೆಯಲ್ಲಿ ಅದು ಕಾನೂನೇ ಆಗಿತ್ತು. ಅವಳ ಗಂಡ ಮಹಾಂತೇಶ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಎಣಿಸುವ ಮೇಲ್ವಿಚಾರಕ; ನ್ಯಾಯವಂತ ಮನುಷ್ಯ. ಮದುವೆಯಾದ ಹೊಸತರಲ್ಲಿ ಉಂಡಾದ ಮೇಲೆ ಭಾಂಡೆ ತಿಕ್ಕುವ ಸಲುವಾಗಿ ಆಗುತ್ತಿದ್ದ ವಾದ ಬೇಸರವಾಗಿ ಅವನೇ ಹೇಳಿದ್ದ: "ಅರಿಶಿನದವ್ರು ಕುಂದರೋದು, ಹಸಿರಿನವ್ರು ಭಾಂಡೆ ತಿಕ್ಕೋದು. ಬಾಯಿ ಮಾತಿಲ್ಲ, ಪಟ್ಟಿ ಮಾತು." ಎಷ್ಟೋ ವರ್ಷ ಆ ಕಾನೂನು ಇಬ್ಬರಿಗೂ ಸರಿಯಾಗಿಯೇ ನಡೆದಿತ್ತು. ಈ ಎರಡು ತಿಂಗಳಿಂದ ಮಾತ್ರ ಭಾಂಡೆ ನೀಲಾಂಬಿಕಾಳ ಪಾಲಿಗೇ ಬರುತ್ತಿತ್ತು. ಅವಳದು ದಿನಾ ಹಸಿರು.

"ನಿಂದೇನು ಕಬ್ಬಿಣದ ಮೈ ಏನು?" ಎಂದು ಅವನು ಅರಿಶಿನ ಬಣ್ಣದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೆಚ್ಚುಗೆಯಿಂದಲೇ ಅನ್ನುತ್ತಿದ್ದ.

"ರೊಟ್ಟಿ ಬಡದು ನೋಡ್ರಿ, ಗೊತ್ತಾಗತೈತಿ," ಎನ್ನುತ್ತಿದ್ದಳು ಅವಳು. ಅದನ್ನು ಅವಳು ನಂಬಿಯೂ ಇದ್ದಳು. ನಸುಕಿನಲ್ಲಿ ಏಳುವಾಗ ಕಾಲು ಕಲ್ಲಿನಂತೆ, ಪಟ್ಟಿ ಅರಿಶಿನ. ಹನ್ನೆರಡು ರೊಟ್ಟಿ ಬಡಿದು ಬಂದು ನೋಡಿದರೆ ಹಸಿರು. ಕಾಲು ಆಗಲೂ ಕಲ್ಲಿನಂತೆಯೇ ಇದ್ದರೂ, ಪಟ್ಟಿಗಿಂತ ತನಗೆ ಹೆಚ್ಚು ತಿಳಿಯುತ್ತದೆಯೇ ಎಂದುಕೊಂಡು ಸುಮ್ಮನಾಗುತ್ತಿದ್ದಳು. ಪಕ್ಕದ ಮನೆಯ ಇಬ್ಬರು ಇವಳ ಮಾತು ಕೇಳಿ, ಅಂಗಡಿಯ ರೊಟ್ಟಿ ಬಿಟ್ಟು ತಾವೇ ಬಡಿಯಲು ಕೂತಿದ್ದರು.

ಇಷ್ಟೆಲ್ಲ ಮಾಡುತ್ತಿದ್ದದ್ದು ಜನವರಿಯ ಒಂದು ಭಾನುವಾರಕ್ಕಾಗಿ. ವರ್ಷದ ಹತ್ತು ತಿಂಗಳು ಆ ಊರಿನ ರಸ್ತೆಯಲ್ಲಿ ಹೊತ್ತು ಏರಿದ ಮೇಲೆ ಸೈಕಲ್ ಹತ್ತುವಂತಿರಲಿಲ್ಲ. ಟಾರಿನ ಕಾವು ಟೈರು ದಾಟಿ ಅಂಗಾಲಿಗೆ ಹತ್ತುತ್ತಿತ್ತು. ಸೈಕಲ್ಲಿನ ಹುಚ್ಚು ಮಾತ್ರ ಊರನ್ನು ಬಿಟ್ಟಿರಲಿಲ್ಲ. ಹೀಗಾಗಿ ಜನ ಮನೆಯೊಳಗೇ, ಹಿಂದಿನ ಗಾಲಿ ತೆಗೆದು ಸೈಕಲ್ಲನ್ನು ಟ್ರೈನರ್ ಯಂತ್ರಕ್ಕೆ ಬಿಗಿದು, ಎದುರಿನ ಪರದೆಯ ರಸ್ತೆ ನೋಡುತ್ತಾ ತುಳಿಯುತ್ತಿದ್ದರು. ಜನವರಿಯ ಆ ಒಂದು ದಿನ ಆಲಮಟ್ಟಿಯ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ಸೈಕಲ್ಲಿಗೆ ತೆರೆಯುತ್ತಿದ್ದರು. ಹೋಗಿ ಬರಲು ನೂರಾ ಮೂವತ್ತು ಕಿಲೋಮೀಟರು. ಜಾಗ ನಲವತ್ತು ಜನಕ್ಕೆ ಮಾತ್ರ. ಹದಿನಾಲ್ಕು ವಾರದ ತಾಲೀಮು ಮುಗಿಸಿದವರಲ್ಲಿ ಯಾರ ದೇಹ ತಡೆದೀತು ಎಂದು ಕೇಂದ್ರವೇ ಆರಿಸುತ್ತಿತ್ತು.

ಹದಿನಾರನೇ ವಯಸ್ಸಿನಲ್ಲಿ ನೀಲಾಂಬಿಕಾ ಜಿಲ್ಲೆಯ ಸೈಕಲ್ ಹಾಸ್ಟೆಲ್ಲಿನ ಆಯ್ಕೆಗೆ ಹೋಗಿ, ಎರಡು ಸೆಕೆಂಡಿನಲ್ಲಿ ತಪ್ಪಿಸಿಕೊಂಡು ಬಂದಿದ್ದಳು. ಇಪ್ಪತ್ತೆರಡು ವರ್ಷವಾದರೂ ಆ ಎರಡು ಸೆಕೆಂಡು ಅವಳ ಹತ್ತಿರವೇ ಇದ್ದವು. ಯಾರನ್ನೂ ಸೋಲಿಸುವ ಆಸೆ ಈಗ ಇರಲಿಲ್ಲ. ನಿಜವಾದ ಗಾಳಿ ಮುಖಕ್ಕೆ ಬಡಿಯುವಾಗ, ಕೃಷ್ಣೆಯ ನೀರು ಕಾಣುವ ತನಕ ತುಳಿಯಬೇಕು, ಅಷ್ಟೆ.

ತಾಲೀಮಿನ ಗುಟ್ಟು ವೇಗದಲ್ಲಿರಲಿಲ್ಲ, ತಾಸುಗಳಲ್ಲಿತ್ತು. ಹಗುರವಾಗಿ ತುಳಿಯಬೇಕು, ಆದರೆ ಬಹಳ ಹೊತ್ತು ತುಳಿಯಬೇಕು. ಎಷ್ಟು ಹಗುರ? ತುಳಿಯುತ್ತಲೇ ಪೂರ್ತಿ ವಾಕ್ಯ ಮಾತಾಡಲು ಬರುವಷ್ಟು. ಹೀಗಾಗಿ ಸಂಜೆ ಮುಕ್ತಾ ಶಾಲೆಯ ಮನೆಗೆಲಸ ಹರಡಿಕೊಂಡು ಟ್ರೈನರಿನ ಪಕ್ಕ ಕೂತರೆ, ನೀಲಾಂಬಿಕಾ ಸೈಕಲ್ಲಿನ ಮೇಲಿಂದ ಕಥೆ ಹೇಳುತ್ತಿದ್ದಳು. ಸೈಕಲ್ ಕಲಿತ ಆಮೆಯ ಕಥೆ. ಆಮೆ ವಿಜಯಪುರ ಬಿಟ್ಟು, ಜೋಳದ ಹೊಲ ದಾಟಿ, ಒಂದು ಮುಳ್ಳುಹಂದಿಯಿಂದ ಟೈರು ಪಂಕ್ಚರ್ ಮಾಡಿಸಿಕೊಂಡು, ಮುಂದೆ ಮುಂದೆ ಹೋಗುತ್ತಿತ್ತು. ಫ್ಯಾನಿನ ಗಾಳಿ, ಸರಪಳಿಯ ಸದ್ದು, ಮಗಳ ಪೆನ್ಸಿಲ್ಲು. ನೀಲಾಂಬಿಕಾಳ ದಿನದಲ್ಲಿ ಅದಕ್ಕಿಂತ ಸುಖದ ಹೊತ್ತು ಬೇರೆ ಇರಲಿಲ್ಲ.

ಹದಿನೈದು ತಾಸಿನ ವಾರ ಶುರುವಾದ ಮೇಲೆ ಬುಧವಾರ ಮುಕ್ತಾ ಕೇಳಿದಳು: "ಅವ್ವಾ, ಆಮೆ?"

"ಆಮೆ... ಬ್ರಿಜ್ ಮ್ಯಾಲೆ..." ನೀಲಾಂಬಿಕಾ ಉಸಿರು ಎಳೆದುಕೊಂಡಳು. "ಬ್ರಿಜ್ ಮ್ಯಾಲೆ ಐತಿ."

"ನಿನ್ನೆನೂ ಬ್ರಿಜ್ ಮ್ಯಾಲೇ ಇತ್ತು."

"ನೀರು ನೋಡಾಕತ್ತೇತಿ... ನೋಡ್ಲಿ ಬಿಡು."

ಮುಕ್ತಾ ಅವ್ವನ ಮುಖ ನೋಡಿದಳು. ಆಮೇಲೆ ಹಸಿರು ಪಟ್ಟಿ ನೋಡಿದಳು. ಮತ್ತೆ ಮುಖ ನೋಡಿದಳು. ತುಟಿ ಅಲುಗಿತು. ಏಳರ ಮಗ್ಗಿ ಬರೆಯಲು ತಲೆ ಬಗ್ಗಿಸಿದಳು.

ಹತ್ತನೇ ವಾರದ ಭಾನುವಾರ ತಾಲೀಮು ಕೇಂದ್ರದಲ್ಲಿ ಪರೀಕ್ಷೆ. ತಾಯಿ ಮಗಳು ಇಬ್ಬರೂ ಬಸ್ಸು ಹಿಡಿದು ಹೋದರು. ಗಾಜಿನ ಕೋಣೆಯೊಳಗೆ ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲೂ ಊರಿನ ಯಾವುದೋ ಮನೆಯಲ್ಲಿ ಯಾರೋ ತುಳಿಯುತ್ತಿರುವ ಗೆರೆಗಳು ಏರಿಳಿಯುತ್ತಿದ್ದವು. ತೌಫೀಕ್ ಮೂವತ್ತು ದಾಟಿರದ, ದಪ್ಪ ಕನ್ನಡಕದ ಹುಡುಗ. ಅವನ ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು ಸುತ್ತಿತ್ತು.

"ಕೈಗೇನಾತ್ರಿ?" ಎಂದಳು ನೀಲಾಂಬಿಕಾ.

"ರೊಟ್ಟಿ ಬಡದೇನ್ರೀ," ಎಂದು ಅವನು ನಾಚಿಕೊಂಡ. "ನಾಕು ದಿನ. ನಿಮ್ಮ ಬಣ್ಣದ ಗುಟ್ಟು ಅದೇ ಇದ್ರ ಎಲ್ಲಾರ ತಾಲೀಮಿಗೂ ಹಚ್ಚೋಣ ಅಂತ. ಬೆರಳು ಸುಟ್ಟು ನಂದು ಕೆಂಪು ಬಂತು. ನಮ್ಮ ಅಮ್ಮಿ ನಕ್ಕೂ ನಕ್ಕೂ ಸಾಕಾದ್ರು."

ಪರೀಕ್ಷೆ ಸರಳ. ನಿಮಿಷಕ್ಕೊಮ್ಮೆ ಭಾರ ಏರುತ್ತದೆ. ಇನ್ನು ಆಗದು ಎನ್ನುವ ತನಕ ತುಳಿಯಬೇಕು. ಮೊದಲ ವಾರ ನೀಲಾಂಬಿಕಾ ಹದಿನಾಲ್ಕು ನಿಮಿಷ ತುಳಿದಿದ್ದಳು. ಈಗ ಹದಿನೆಂಟಾದರೂ ಆಗಬೇಕು ಎಂದು ತೌಫೀಕ್ ಪರದೆಯ ಮೇಲೆ ಗೆರೆ ಎಳೆದಿಟ್ಟಿದ್ದ. ಏಳನೇ ನಿಮಿಷಕ್ಕೆ ಅವಳ ಬೆನ್ನು ಬಾಗಿತು. ಒಂಬತ್ತಕ್ಕೆ ತೊಡೆ ನಡುಗಿತು. ಹನ್ನೊಂದಕ್ಕೆ ಕಾಲು ತಾನಾಗಿಯೇ ನಿಂತುಬಿಟ್ಟಿತು. ಮಣಿಕಟ್ಟಿನಲ್ಲಿ ಪಟ್ಟಿ ಎಳೆಯ ಹುಲ್ಲಿನಂತೆ ಹಸಿರಾಗಿತ್ತು.

ತೌಫೀಕ್ ಪರದೆ ನೋಡಿದ, ಅವಳನ್ನು ನೋಡಿದ. "ಹಿಂಗ ಆಗಾಕ ಬರೂದಿಲ್ಲರೀ. ಮನ್ಯಾಗ ತುಳಿಯುವಾಗ ಮಾತಾಡಾಕ ಬರತೈತೇನ್ರಿ? ಪೂರ್ತಿ ಮಾತು?"

"ಬರತೈತ್ರಿ," ಎಂದಳು ನೀಲಾಂಬಿಕಾ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು.

"ಇಲ್ಲರೀ," ಎಂದಿತು ಮೂಲೆಯ ಕುರ್ಚಿಯಿಂದ ಒಂದು ಸಣ್ಣ ದನಿ. "ಆಮೆ ಎರಡು ವಾರದಿಂದ ಬ್ರಿಜ್ ಮ್ಯಾಲೇ ನಿಂತೇತ್ರಿ."

ತೌಫೀಕನಿಗೆ ಆಮೆಯ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನೀಲಾಂಬಿಕಾಳ ಹತ್ತು ವಾರದ ಎದೆಬಡಿತಗಳನ್ನು ಒಂದರ ಕೆಳಗೊಂದು ಹರಡಿದ. ದಿನಾ ಬೆಳಿಗ್ಗೆ ಆರು ಹತ್ತರಿಂದ ಆರೂ ಐವತ್ತರ ತನಕ ಗೆರೆಯ ನಡಿಗೆಯೇ ಬೇರೆಯಾಗುತ್ತಿತ್ತು. ಬಡಿತ ಜೋರು, ಆದರೆ ಒಮ್ಮೆ ತಡೆದು ಒಮ್ಮೆ ಓಡುವ ಬಡಿತ.

"ಆ ಹೊತ್ತಿಗೆ ಪಟ್ಟಿ ಕೈಯಾಗ ಇರತೈತೇನ್ರಿ?"

"ಹಿಟ್ಟು ಕಲಸುವಾಗ ಹೆಂಗ ಇಟ್ಕೊಳ್ಳೂದ್ರಿ? ಸಂದಿಯೊಳಗ ಹಿಟ್ಟು ಸೇರತೈತಿ. ಮೊಳೆಗೆ ಹಾಕ್ತೀನಿ."

"ತಾಲೀಮಿಗೆ ಅಂತ ನಾವು ಕೊಟ್ಟ ಹೊಸಾ ಪಟ್ಟಿ ನಿಮ್ಮ ಮೈ ಪರಿಚಯ ಮಾಡ್ಕೊಳ್ಳೋ ಮೊದಲನೇ ವಾರ? ಆವಾಗ ತೆಗೀಬ್ಯಾಡ್ರಿ ಅಂದಿದ್ನೆಲ್ಲಾ?"

"ಆ ವಾರ ಮನ್ಯಾಗ ಯಾರೂ ರೊಟ್ಟಿ ತಿನ್ನೂದಿಲ್ಲೇನು?"

ತೌಫೀಕ್ ಕನ್ನಡಕ ತೆಗೆದು ಒರೆಸಿಕೊಂಡ. "ಅಕ್ಕಾರ, ಮೊಳೆಗೆ ಎದೆ ಇರೂದಿಲ್ಲ. ಆ ಹೊತ್ತಿನ್ಯಾಗ ಈ ಪಟ್ಟಿ ಯಾರೋ ಕಟ್ಕೊಂಡಾರ. ಮೊದಲನೇ ವಾರದಿಂದ್ಲೂ. ಅದಕ್ಕ ಪಟ್ಟಿ ಇಬ್ಬರನ್ನೂ ಕೂಡಿಸಿ ಒಂದೇ ಮೈ ಅಂತ ತಿಳ್ಕೊಂಡೇತಿ. ಆರೂವರೆ ಬಣ್ಣ ಅವ್ರದು. ತುಳಿಯೋ ಕಾಲು ನಿಮ್ದು."

ನೀಲಾಂಬಿಕಾ ಮೂಲೆಯ ಕುರ್ಚಿಯತ್ತ ತಿರುಗಲಿಲ್ಲ. ತಿರುಗಿದರೆ ಆ ಮಗು ಎಲ್ಲರೆದುರು ಅತ್ತುಬಿಡುತ್ತದೆ ಎಂದು ಅವಳಿಗೆ ಬೆನ್ನಿನಿಂದಲೇ ಗೊತ್ತಾಯಿತು. ಪಟ್ಟಿಯ ಬೆಚ್ಚಗಿನ ಒಳಮೈ ನೆನಪಾಯಿತು. ಒಲೆಯ ಕಾವೆಂದು ತಿಳಿದಿದ್ದಳಲ್ಲ.

"ನನ್ನ ಜಾಗ ಹೋತೇನ್ರಿ?" ಎಂದಳು ಮೆತ್ತಗೆ.

"ಪಟ್ಟಿ ಲೆಕ್ಕ ಹೋತ್ರಿ. ಹೊಸಾದಕ್ಕ ಪರಿಚಯ ಮಾಡಿಸಿ, ಹಳೇ ದಿನ ತುಂಬಿಸಾಕ ವ್ಯಾಳೆ ಇಲ್ಲ." ಅವನು ಕಪಾಟಿನ ಕೆಳಗಿನ ಅರೆಯಿಂದ ಧೂಳು ಹಿಡಿದ ಒಂದು ತೆಳು ವಹಿ ತೆಗೆದ. "ಒಂದು ದಾರಿ ಐತಿ. ಪಟ್ಟಿ ಬರೂಕಿಂತ ಮೊದಲು ನಮ್ಮ ಹಿರೇರು ಹಿಂಗ ಮಾಡ್ತಿದ್ರು. ದಿನಾ ಬೆಳಿಗ್ಗೆ ಮನ್ಯಾಗಿನವ್ರು ಯಾರರ, ದಣಿವು ಹೆಂಗೈತಿ ಅಂತ ಕೇಳಬೇಕು. ನೀವು ಖರೇ ಹೇಳಬೇಕು. ಅದನ್ನ ಈ ವಹಿಯೊಳಗ ಬರೀಬೇಕು. ಅದರ ಮ್ಯಾಲೆ ನಾನು ತಾಸು ಕಡಿಮಿ ಜಾಸ್ತಿ ಮಾಡ್ತೀನಿ. ನಾಕು ವಾರ ಉಳದಾವು, ನಿಮ್ಮ ಕಾಲು ಇನ್ನೂ ಸುಧಾರಸ್ತಾವು. ನಾಳೆಯಿಂದ ಒಂದು ದಿನಾನೂ ತಪ್ಪಬಾರ್ದು. ತಪ್ಪಿದ್ರ ಜಾಗ ಮುಂದಿನವ್ರಿಗೆ ಹೋಗತೈತಿ."

"ನಾನೇ ಬರಕೊಂಡ್ರ?"

"ಯಾರೂ ಕೇಳದಿದ್ರ ನೀವು ಛಲೋ ಅದೀನಿ ಅಂತಾನೇ ಬರೀತೀರಿ," ಎಂದ ತೌಫೀಕ್. "ನಂಗ ಗೊತ್ತೈತ್ರಿ, ನಮ್ಮ ಅಮ್ಮಿನೂ ಹಂಗ. ಮತ್ತ, ಕೇಳು ಅಂತ ಹೇಳಿ ಕೇಳಿಸ್ಕೋಬ್ಯಾಡ್ರಿ. ಅವ್ರಿಗೆ ಅನಿಸಿ ಕೇಳಿದ್ರನ ಬಾಯಾಗ ಖರೇ ಬರತೈತಿ."

ಪಟ್ಟಿಯನ್ನು ಕೇಂದ್ರದಲ್ಲೇ ಬಿಟ್ಟು ಇಬ್ಬರೂ ಬಸ್ಸು ಹತ್ತಿದರು. ಬರಿಗೈ ಕಂಡ ಕಂಡಕ್ಟರಿಗೆ ಇವಳನ್ನು ಕೂರಿಸಬೇಕೋ ನಿಲ್ಲಿಸಬೇಕೋ ತಿಳಿಯಲಿಲ್ಲ. ಕೊನೆಗೆ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಮುಕ್ತಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದಳು. ನೀಲಾಂಬಿಕಾ ವಹಿಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಗಾಂಧಿ ಚೌಕ ದಾಟಿತು.

"ನಾ ಹಾಕ್ಕೊಂಡ್ರ ಹಸಿರಾಗತಿತ್ತು," ಎಂದಳು ಮಗಳು ಕಿಟಕಿಗೇ. "ಒಂದಿನ ನೀನು ಮೊಳೆಗೆ ಹಾಕಿದಾಗ ಅರಿಶಿನ ಇತ್ತು. ಸುಮ್ನ ಕಟ್ಕೊಂಡೆ. ಹಸಿರಾತು. ನಿನ್ನ ದಣಿವು ನಂಗ ಬಂತು ಅಂತ ತಿಳ್ಕೊಂಡೆ. ನಂಗೇನೂ ಆಗಲಿಲ್ಲ. ಅದಕ್ಕ ದಿನಾ ಕಟ್ಕೊಂಡೆ."

"ಹೂಂ."

"ಖರೇನ ಹೋಗಿರಲಿಲ್ಲೇನು ಅದು?"

"ಇಲ್ಲವಾ. ಅದು ನನ್ನ ಕಡೇನ ಇತ್ತು."

ಮುಕ್ತಾ ಈಗ ತಿರುಗಿದಳು. ಮೂಗು ಕೆಂಪಾಗಿತ್ತು. "ನೀ ಮೆಟ್ಟಲ ಹತ್ತುವಾಗ ಗ್ವಾಡಿ ಹಿಡೀತಿದ್ದಿ. ನಾ ನೋಡತಿದ್ದೆ. ಆದ್ರ ಹಸಿರು ಇತ್ತಲ್ಲಾ..."

ನೀಲಾಂಬಿಕಾ ಅವಳನ್ನು ತೋಳಿನೊಳಗೆ ಎಳೆದುಕೊಂಡಳು. ಬಯ್ಯಲು ಅವಳಲ್ಲಿ ಏನೂ ಇರಲಿಲ್ಲ. ಎರಡು ತಿಂಗಳ ಕಾಲ, ಎಂಟು ವರ್ಷದ ಮೈಯೊಂದು ತನ್ನ ಭಾರವನ್ನು ಹೊರಲು ದಿನಾ ನಲವತ್ತು ನಿಮಿಷ ಬಾಗಿಲ ಹಿಂದೆ ನಿಂತಿತ್ತು; ಇದಕ್ಕೆ ಯಾವ ಬಣ್ಣ ಬರುತ್ತದೋ ಯಾರಿಗೆ ಗೊತ್ತು. ವಹಿ ಯಾಕೆ, ಏನು ಎಂದು ಮುಕ್ತಾ ಕೇಳಲಿಲ್ಲ. ತೌಫೀಕ್ ಆ ಮಾತಾಡುವಾಗ ಅವಳು ಕಣ್ಣೊರೆಸಿಕೊಳ್ಳುವುದರಲ್ಲಿದ್ದಳು. ಹೇಳಿಬಿಡಲೇ ಎಂದು ನಾಲಿಗೆ ತುದಿಯ ತನಕ ಬಂತು. ತೌಫೀಕನ ಮಾತು ನೆನಪಾಗಿ ನುಂಗಿಕೊಂಡಳು.

ಸೋಮವಾರ ಬೆಳಿಗ್ಗೆ ನೀಲಾಂಬಿಕಾ ಹಿಟ್ಟು ನಾದಿದಳು. ಮೊಳೆ ಬರಿದಾಗಿತ್ತು. ವಹಿಯನ್ನು ಕಣ್ಣಿಗೆ ಬೀಳದಂತೆ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದಳು. ಮಹಾಂತೇಶ ಚಹಾದ ಲೋಟ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದು, ಅಭ್ಯಾಸದಂತೆ ಅವಳ ಮಣಿಕಟ್ಟನ್ನು ನೋಡಿದ. ಅಲ್ಲಿ ಹಿಟ್ಟು ಮಾತ್ರ ಇತ್ತು.

"ಏ, ಪಟ್ಟಿ ಎಲ್ಲೈತಿ?"

"ಕೇಂದ್ರದಾಗ ಐತ್ರಿ. ಕೆಟ್ಟೇತಿ."

ಅವನು ಗಾಬರಿಯಿಂದ ನಿಂತ. "ಮತ್ತ ಇವತ್ತು ಭಾಂಡೆ ಯಾರು ತಿಕ್ಕಬೇಕು? ಹೆಂಗ ಗೊತ್ತಾಗತೈತಿ?"

"ನೋಡ್ರಿ ಮತ್ತ," ಎಂದಳು ಅವಳು, ನಗು ಬಂದು. "ಹೆಂಗ ಗೊತ್ತಾಗತೈತೋ."

ಅವನು ತಲೆ ಕೆರೆದುಕೊಂಡು, ಪೆಟ್ಟಿಗೆಯ ಎಣಿಕೆ ತಪ್ಪಿದವನ ಹಾಗೆ ಅವಳನ್ನೇ ನೋಡುತ್ತಾ ನಿಂತ. ಆರೂ ಇಪ್ಪತ್ತಾಯಿತು. ಆರೂವರೆಯಾಯಿತು. ಐದು ರೊಟ್ಟಿ ಆದವು, ಆರಾದವು. ಇನ್ನು ಆರೇ ಉಳಿದಿವೆ, ಅವು ಮುಗಿದರೆ ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಎಂದು ಅವಳು ಎಣಿಸಿಕೊಂಡಳು. ಆಲಮಟ್ಟಿಯ ರಸ್ತೆ ಆ ಆರು ರೊಟ್ಟಿಯಷ್ಟೇ ಉದ್ದವಿತ್ತು.

ಏಳನೆಯದನ್ನು ಹಂಚಿಗೆ ಹಾಕಿ, ನೀರು ಸವರಿ, ಮಗುಚಿದಾಗ ಬಾಗಿಲಲ್ಲಿ ಮುಕ್ತಾ ಬಂದು ನಿಂತಿದ್ದಳು. ಒಂದು ಜಡೆ ಹೆಣೆದಿತ್ತು, ಒಂದು ಬಿಚ್ಚಿತ್ತು. ಅವಳು ಮೊಳೆಯನ್ನು ನೋಡಿದಳು. ಅವ್ವನ ಬರಿ ಮಣಿಕಟ್ಟನ್ನು ನೋಡಿದಳು. ಅಲ್ಲಿ ಓದಲು ಏನೂ ಇರಲಿಲ್ಲ. ಆಮೇಲೆ ಅವಳ ಕಣ್ಣು ನಿಧಾನವಾಗಿ ಮೇಲೇರಿ, ಒಲೆಯ ಬೆಳಕು ಬಿದ್ದಿದ್ದ ಮುಖದ ಮೇಲೆ ನಿಂತು, ಅಲ್ಲಿಂದ ಕದಲಲಿಲ್ಲ. ತುಟಿ ತೆರೆಯಿತು. ನೀಲಾಂಬಿಕಾ ಕೈ ಹಿಟ್ಟಿನ ಮೇಲೆ ಹಾಗೆಯೇ ಇಟ್ಟು, ಉಸಿರು ಬಿಗಿಹಿಡಿದಳು. ಹಂಚಿನ ಮೇಲೆ ರೊಟ್ಟಿ ತುಂಬಿಕೊಂಡು ಉಬ್ಬಿತು.

"ಅವ್ವಾ," ಎಂದಳು ಮುಕ್ತಾ, "ನಿನಗ ದಣಿವಾಗೇತೇನು?"